ಗೋಕರ್ಣದ ಕಥೆ ಅರ್ಧಕ್ಕೆ ನಿಲ್ಲದಿರಲಿ

ಮಕ್ಕಳೇ,

ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ರೈಲು ಇಳಿದು ಬರುವವರು ರಿಕ್ಷಾದಲ್ಲೋ, ಹೋಮ್‌ಸ್ಟೇ ಜಗಲಿಯಲ್ಲೋ, ರಥಬೀದಿಯ ಅಂಗಡಿಯೆದುರೋ ನಿಮ್ಮನ್ನು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಈ ಊರಿಗೆ ಗೋಕರ್ಣ ಅಂತ ಹೆಸರು ಯಾಕೆ ಬಂತು? ನೀವು ಕೊಡುವ ಉತ್ತರವನ್ನು ನಾನು ಬಹಳ ಸಲ ಕೇಳಿಸಿಕೊಂಡಿದ್ದೇನೆ. "ರಾವಣ ಆತ್ಮಲಿಂಗ ತಂದ, ಗಣಪತಿ ಕೆಳಗಿಟ್ಟ, ರಾವಣ ಎಳೆದ, ಅದು ದನದ ಕಿವಿಯ ಆಕಾರ ಆಯ್ತು." ಅರ್ಧ ನಿಮಿಷಕ್ಕೆ ಕಥೆ ಮುಗಿಯುತ್ತದೆ. ಬಂದವರು ಓಂ ಬೀಚಿಗೆ ದಾರಿ ಕೇಳುತ್ತಾರೆ, ನೀವು ಕೈ ತೋರಿಸುತ್ತೀರಿ.

ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಕಥೆಯ ಜೀವವೇ ಹೊರಗುಳಿಯಿತು. ಈ ಕರಾವಳಿಯಲ್ಲೇ ಹುಟ್ಟಿ ಇಲ್ಲೇ ತಲೆ ನರೆತವನು ನಾನು. ನಿಮ್ಮಲ್ಲಿ ಒಂದನ್ನು ಕೇಳಿಕೊಳ್ಳುತ್ತೇನೆ. ನಿಮ್ಮ ಊರಿನ ಹೆಸರಿನ ಕಥೆಯನ್ನು ಇಡಿಯಾಗಿ ಕಲಿಯಿರಿ, ಇಡಿಯಾಗಿ ಹೇಳಿ. ಹತ್ತು ನಿಮಿಷ ಬೇಕಾದರೆ ಹತ್ತು ನಿಮಿಷ ತಗೊಳ್ಳಿ. ಹಿಂದೆ ಯಾತ್ರೆಯವರು ನಡೆದು, ಗಾಡಿ ಕಟ್ಟಿಕೊಂಡು, ಹೊಳೆ ಹೊಳೆಗೂ ತಾರಿಗಾಗಿ ಕಾದು ಬರುತ್ತಿದ್ದರು. ಆ ಕಾಯುವ ಹೊತ್ತಿನಲ್ಲಿ ಕಥೆ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುತ್ತಿತ್ತು. ಸೇತುವೆಗಳಾದವು, ರೈಲು ಬಂತು, ಒಳ್ಳೆಯದೇ ಆಯಿತು. ಆದರೆ ಕಥೆ ಹೇಳುವ ಹೊತ್ತನ್ನು ಈಗ ನಾವೇ ಮಾಡಿಕೊಳ್ಳಬೇಕಾಗಿದೆ.

ಹೇಳುವಾಗ ರಾವಣನಿಂದ ಶುರು ಮಾಡಬೇಡಿ, ಅವನ ತಾಯಿಯಿಂದ ಶುರು ಮಾಡಿ. ಕೈಕಸಿ ಕಡಲ ದಂಡೆಯಲ್ಲಿ ಕೂತು ಮರಳಿನಲ್ಲಿ ಲಿಂಗ ಮಾಡಿ ಪೂಜಿಸುತ್ತಿದ್ದಳು. ಒಂದು ದಿನ ತೆರೆ ಬಂದು ಲಿಂಗವನ್ನು ಕೊಚ್ಚಿಕೊಂಡು ಹೋಯಿತು. ಆ ತೆರೆಯನ್ನು ಕಳಿಸಿದವನು ಇಂದ್ರ ಎಂದು ಕೆಲವರು ಹೇಳುತ್ತಾರೆ. ಪೂಜೆ ಅರ್ಧಕ್ಕೆ ನಿಂತ ಮುದುಕಿ ಅನ್ನ ನೀರು ಬಿಟ್ಟು ಕೂತಳು. ಲಂಕೆಯ ಒಡೆಯ ಬಂದು, "ಅಮ್ಮಾ, ಮರಳಿನ ಲಿಂಗಕ್ಕೆ ಯಾಕೆ ಅಳುತ್ತೀಯ, ಶಿವನ ಆತ್ಮಲಿಂಗವನ್ನೇ ತಂದುಕೊಡುತ್ತೇನೆ" ಎಂದು ಮಾತು ಕೊಟ್ಟು ಹೊರಟ. ಕಥೆಯ ಬೇರು ಇಲ್ಲಿದೆ. ಇದನ್ನು ಬಿಟ್ಟು ಹೇಳಿದರೆ ರಾವಣ ದೇವರ ವಸ್ತು ಎಗರಿಸಲು ಹೋದ ಕಳ್ಳನಂತೆ ಕಾಣುತ್ತಾನೆ. ಅವನು ಹೋದದ್ದು ತಾಯಿಯ ಪೂಜೆ ನಿಲ್ಲಬಾರದೆಂದು. ನಮ್ಮೂರಿನ ಹೆಣ್ಣುಮಕ್ಕಳು ಈ ಕಥೆ ಹೇಳುವಾಗ ಮೊದಲು ಮುದುಕಿಯ ಅಳುವನ್ನು ಹೇಳಿ, ಆಮೇಲೆ ಮಗನ ವಿಷಯಕ್ಕೆ ಬರುತ್ತಿದ್ದರು.

ಮುಂದಿನದು ನಿಮಗೆ ಗೊತ್ತು. ಕೈಲಾಸವನ್ನೇ ಎತ್ತಲು ಹೋದ, ಶಿವ ಹೆಬ್ಬೆರಳು ಊರಿದ, ಕೈ ಸಿಕ್ಕಿಕೊಂಡಿತು. ತನ್ನ ತಲೆಯನ್ನೇ ಕುಡುಕೆ ಮಾಡಿ, ನರಗಳನ್ನೇ ತಂತಿ ಬಿಗಿದು, ವೀಣೆ ನುಡಿಸಿ ಸಾಮ ಹಾಡಿದ. ಶಿವ ಕರಗಿ ಆತ್ಮಲಿಂಗ ಕೊಟ್ಟ. ಲಂಕೆ ಮುಟ್ಟುವ ತನಕ ನೆಲಕ್ಕೆ ಇಡಬೇಡ, ಇಟ್ಟಲ್ಲೇ ಅದು ನಿಲ್ಲುತ್ತದೆ ಎಂದ. ನಾರದ ದೇವತೆಗಳಿಗೆ ಸುದ್ದಿ ಮುಟ್ಟಿಸಿದ. ವಿಷ್ಣು ಚಕ್ರವನ್ನು ಸೂರ್ಯನಿಗೆ ಅಡ್ಡ ಹಿಡಿದ. ನಡುಹಗಲಲ್ಲೇ ಸಂಜೆಯಾಯಿತು.

ಇಲ್ಲಿ ಸ್ವಲ್ಪ ನಿಲ್ಲಿ. ಬಂದವರಿಗೆ ಒಂದು ವಿಷಯ ಬಿಡಿಸಿ ಹೇಳಿ. ರಾವಣನ ಕೈಯಲ್ಲಿ ಮೂರು ಲೋಕ ಆಳುವ ಶಕ್ತಿ ಇತ್ತು. ಸಂಧ್ಯಾವಂದನೆಯೊಂದನ್ನು ಆ ದಿನದ ಮಟ್ಟಿಗೆ ಬಿಟ್ಟಿದ್ದರೆ ಲಂಕೆ ಸೇರುತ್ತಿದ್ದ. ಅವನು ಬಿಡಲಿಲ್ಲ. ದೇವತೆಗಳು ಅವನನ್ನು ಸೋಲಿಸಿದ್ದು ಅವನ ಕೆಟ್ಟ ಗುಣ ಹಿಡಿದಲ್ಲ, ಅವನ ನಿಷ್ಠೆ ಹಿಡಿದು. ಹೊತ್ತಿಗೆ ಸರಿಯಾಗಿ ಅರ್ಘ್ಯ ಕೊಡುವವನು ಎಂದು ಗೊತ್ತಿದ್ದರಿಂದಲೇ ಸೂರ್ಯನನ್ನು ಮುಚ್ಚಿದರು. ಕೇಳಿದ ಮಗು, ಹಾಗಾದರೆ ರಾವಣನದ್ದು ಏನು ತಪ್ಪು ಎಂದು ಕೇಳೀತು. ಕೇಳಲಿ. ಗದರಿಸಬೇಡಿ. ಆ ಪ್ರಶ್ನೆಗೆ ಹಿರಿಯರೂ ಸುಲಭದ ಉತ್ತರ ಇಟ್ಟುಕೊಂಡಿರಲಿಲ್ಲ. ಇದೇ ಕಥೆಯ 'ಭೂಕೈಲಾಸ' ಯಕ್ಷಗಾನದ ಆಟ ನಡೆದಾಗ ಲಿಂಗ ಕೈತಪ್ಪಿದ ರಾವಣನ ಪಾತ್ರಧಾರಿಯ ಜೊತೆ ಸಭೆಯೂ ಕಣ್ಣೊರೆಸಿಕೊಳ್ಳುವುದನ್ನು ಕಂಡವನು ನಾನು. 1958ರಲ್ಲಿ ಬಂದ 'ಭೂಕೈಲಾಸ' ಚಿತ್ರದಲ್ಲಿ ರಾಜ್‌ಕುಮಾರ್ ಮಾಡಿದ್ದೂ ರಾವಣನ ಪಾತ್ರವನ್ನೇ. ಕನ್ನಡ ನಾಡು ಆ ರಾವಣನನ್ನು ಮನೆಯವನಂತೆ ಒಪ್ಪಿಕೊಂಡಿತು.

ಆಮೇಲೆ ಬರುವವನು ವಟುವಿನ ವೇಷದ ಗಣಪತಿ. ದನ ಕಾಯುವ ಹುಡುಗನೆಂದು ಕೆಲವರು, ಬ್ರಹ್ಮಚಾರಿ ಮಾಣಿ ಎಂದು ಕೆಲವರು ಹೇಳುತ್ತಾರೆ. ಎರಡೂ ಇರಲಿ. ಸಂಧ್ಯೆ ಮುಗಿಸುವ ತನಕ ಹಿಡಿದುಕೋ ಎಂದು ರಾವಣ ಲಿಂಗವನ್ನು ಅವನ ಕೈಗೆ ಕೊಟ್ಟ. "ಭಾರ ತಡೆಯಲಾರೆ, ಮೂರು ಸಲ ಕೂಗುತ್ತೇನೆ, ಅಷ್ಟರಲ್ಲಿ ಬಾರದಿದ್ದರೆ ಇಟ್ಟುಬಿಡುತ್ತೇನೆ" ಎಂದು ಮೊದಲೇ ಹೇಳಿಬಿಟ್ಟ. ರಾವಣ ಅರ್ಘ್ಯಕ್ಕೆಂದು ನೀರು ಎತ್ತಿದ್ದಾನೆ, ಇತ್ತ ಮೂರೂ ಕೂಗು ಒಂದರ ಹಿಂದೆ ಒಂದು. ಲಿಂಗ ನೆಲಕ್ಕೆ. ಓಡಿ ಬಂದ ರಾವಣ ಹುಡುಗನ ತಲೆಗೆ ಗುದ್ದಿದ. ಮಹಾಗಣಪತಿಯ ಗುಡಿಗೆ ಹೋದಾಗ ಮೂರ್ತಿಯನ್ನು ನಿಧಾನವಾಗಿ ನೋಡಿ. ಎರಡೇ ಕೈ, ನಿಂತ ಭಂಗಿ, ನೆತ್ತಿಯ ಮೇಲೆ ತಗ್ಗು. ಬೇರೆ ಊರಿನ ಬಹಳಷ್ಟು ಗಣಪತಿಗಳಂತೆ ಇವನು ಕೂತವನಲ್ಲ. ಹೊಡೆತ ತಿಂದ ಹುಡುಗ. ಆದ್ದರಿಂದಲೇ ಆ ಲಿಂಗ, ಅಂದರೆ ಮಹಾಬಲೇಶ್ವರನಿಗಿಂತ ಮೊದಲು ಇವನನ್ನು ನೋಡಿ ಹೋಗಬೇಕೆಂಬ ರೂಢಿ. ಕೋಟಿತೀರ್ಥದಲ್ಲಿ ಮಿಂದು, ಗಣಪತಿಗೆ ಕೈಮುಗಿದು, ಆಮೇಲೆ ದೊಡ್ಡ ಗುಡಿ. ಬಂದವರನ್ನು ನೇರವಾಗಿ ದೊಡ್ಡ ಸಾಲಿಗೆ ನಿಲ್ಲಿಸುವ ಅವಸರ ಮಾಡಬೇಡಿ.

ಮಹಾಬಲ ಎಂಬ ಹೆಸರು ಕೊಟ್ಟವರು ಯಾರು? ಭಕ್ತರಲ್ಲ, ಋಷಿಗಳೂ ಅಲ್ಲ. ಇಪ್ಪತ್ತು ತೋಳಿನಿಂದ ಎಳೆದು ಸೋತ ರಾವಣ, ಇದು ನನಗಿಂತ ಬಲವುಳ್ಳದ್ದು ಎಂದು ಒಪ್ಪಿ ಕರೆದ ಹೆಸರು ಅದು. ಗೋಕರ್ಣದ ದೇವರನ್ನು ನಾವು ದಿನವೂ ಕರೆಯುವುದು ಸೋತವನು ಇಟ್ಟ ಹೆಸರಿನಿಂದ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಇದು.

ಆ ಎಳೆದಾಟದಲ್ಲಿ ಲಿಂಗ ತಿರುಚಿ ಹಸುವಿನ ಕಿವಿಯ ಹಾಗಾಯಿತೆಂಬುದು ಹೆಸರಿನ ಒಂದು ಕಥೆ. ಗರ್ಭಗುಡಿಯಲ್ಲಿ ಲಿಂಗ ಕಣ್ಣಿಗೆ ಕಾಣುವುದಿಲ್ಲ. ಸಾಲಿಗ್ರಾಮ ಶಿಲೆಯ ಪೀಠ, ಅದರ ನಡುವೆ ಬೆರಳು ಇಳಿಯುವಷ್ಟು ತೂತು. ಪೂಜೆಯ ಉಪಾಧಿವಂತರು ಹೇಳಿದಂತೆ ಬಗ್ಗಿ ಕೈ ಇಳಿಸಿದರೆ ತಣ್ಣನೆಯ ನೀರು, ಬಿಲ್ವದೆಸಳು, ಅದರಡಿಯಲ್ಲಿ ಬೆರಳ ತುದಿಗೆ ತಾಗುವ ಒರಟು ಕಲ್ಲು. ಇಡೀ ಕಥೆಯಲ್ಲಿ ನಮ್ಮ ಕೈಗೆ ಎಟುಕುವುದು ಅಷ್ಟೇ. ಲಿಂಗವನ್ನು ತೆರೆದು ತೋರಿಸುವ ಅಷ್ಟಬಂಧದ ವಿಧಿ ನಡೆಯುವುದು 40 ವರ್ಷಕ್ಕೊಮ್ಮೆ ಎಂಬುದು ಇಲ್ಲಿಯ ಸಂಪ್ರದಾಯ. ಒಬ್ಬ ಮನುಷ್ಯ ಬದುಕಿನಲ್ಲಿ ಒಂದೋ ಎರಡೋ ಸಲ ಕಾಣಬಹುದಾದದ್ದು. ಮೊಬೈಲು ಹಿಡಿದು ಒಳನುಗ್ಗುವ ಸ್ಥಳ ಅಲ್ಲ ಅದು.

ಲಿಂಗ ಕದಲದೇ ಹೋದಾಗ ರಾವಣ ಸಿಟ್ಟಿನಿಂದ ಬಿಸಾಡಿದ ವಸ್ತುಗಳ ಕಥೆಯನ್ನೂ ಸೇರಿಸಿ. ಲಿಂಗವಿದ್ದ ಸಂಪುಟ ಬಿದ್ದದ್ದು ಕಾರವಾರದ ಬಳಿಯ ಸಜ್ಜೇಶ್ವರದಲ್ಲಿ, ಮುಚ್ಚಳ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ, ಕಟ್ಟಿದ ದಾರ ಕುಮಟೆಯ ಧಾರೇಶ್ವರದಲ್ಲಿ, ಹೊದಿಸಿದ ಬಟ್ಟೆ ಭಟ್ಕಳದ ಕಡೆಯ ಮುರುಡೇಶ್ವರದಲ್ಲಿ. ಒಂದೇ ಒಂದು ಕಥೆ ಉತ್ತರ ಕನ್ನಡದ ಕಡಲತಡಿಯನ್ನು ಹೀಗೆ ಹೊಲಿದುಬಿಟ್ಟಿದೆ. ಮುರುಡೇಶ್ವರದಲ್ಲಿ ಈಗ 123 ಅಡಿಯ ಶಿವನ ಮೂರ್ತಿ ದೂರದಿಂದಲೇ ಕಾಣುತ್ತದೆ, ಜನ ಅದರೆದುರು ನಿಂತು ಫೋಟೋ ತೆಗೆಸಿಕೊಂಡು ಮರಳುತ್ತಾರೆ. ಅಲ್ಲಿಯ ಮಕ್ಕಳಿಗೂ ನನ್ನ ಮಾತು ಸೇರಲಿ: ಆ ಬೃಹತ್ ಮೂರ್ತಿಯ ಕೆಳಗೆ ಕಂದುಕಗಿರಿಯಲ್ಲಿ ಹಳೆಯ ಲಿಂಗವಿದೆ, ಊರಿನ ಕಥೆ ಅದರದ್ದು. ಧಾರೇಶ್ವರ, ಗುಣವಂತೆಗಳಲ್ಲಿ ದೊಡ್ಡ ಮೂರ್ತಿ ಇಲ್ಲ, ಜನವೂ ಕಡಿಮೆ. ಹೆದ್ದಾರಿಯಲ್ಲಿ ಬಸ್ಸು ಇಳಿದು ಒಂದು ಸಲ ಹೋಗಿಬನ್ನಿ.

ಇನ್ನೊಂದು ಕಥೆಯನ್ನು ನೀವು ಪೂರ್ತಿ ಮರೆತಿದ್ದೀರಿ. ಸೃಷ್ಟಿಯ ಮೊದಲಲ್ಲಿ ಬ್ರಹ್ಮ ರುದ್ರನಿಗೆ ಪ್ರಜೆಗಳನ್ನು ಸೃಷ್ಟಿಸಲು ಹೇಳಿದ. ರುದ್ರ ಅದಕ್ಕೆ ತಕ್ಕ ಬಲ ಬೇಕೆಂದು ಪಾತಾಳಕ್ಕಿಳಿದು ತಪಸ್ಸಿಗೆ ಕೂತ. ಕಾಲ ಸರಿಯಿತು. ಕಾದು ಸಾಕಾದ ಬ್ರಹ್ಮ ತಾನೇ ಸೃಷ್ಟಿ ಮಾಡಿ ಮುಗಿಸಿದ. ತಪಸ್ಸು ಮುಗಿಸಿ ಎದ್ದ ರುದ್ರನಿಗೆ, ನನಗೆ ಒಪ್ಪಿಸಿದ ಕೆಲಸವನ್ನು ಬೇರೆಯವರು ಮಾಡಿದರಲ್ಲ ಎಂದು ಕಡುಕೋಪ. ಭೂಮಿಯನ್ನು ಸೀಳಿಕೊಂಡೇ ಮೇಲೆ ಬರುತ್ತೇನೆ ಎಂದು ಹೊರಟ. ಆಗ ಭೂದೇವಿ ಗೋವಿನ ರೂಪ ತಾಳಿ ಬೇಡಿಕೊಂಡಳು: "ನನ್ನನ್ನು ಒಡೆಯಬೇಡ. ನನ್ನ ಕಿವಿಯಿಂದ ಹೊರಗೆ ಬಾ." ಲೋಕವನ್ನೇ ಸುಡಬಲ್ಲ ರುದ್ರ ಆ ಮಾತಿಗೆ ಹೆಬ್ಬೆರಳಿನಷ್ಟು ಚಿಕ್ಕವನಾಗಿ, ನೋವಾಗದಂತೆ, ಗೋವಿನ ಕಿವಿಯಿಂದ ಹೊರಬಂದ. ಅವನು ಹೊರಬಂದ ಜಾಗ ಗೋಕರ್ಣ. ಈ ಕ್ಷೇತ್ರಕ್ಕೆ ರುದ್ರಯೋನಿ ಎಂಬ ಹೆಸರೂ ಇರುವುದು ಈ ಕಾರಣಕ್ಕೆ.

ರಾವಣನ ಕಥೆಯಲ್ಲಿ ಎಳೆದಾಟವಿದೆ, ಆಟವಿದೆ, ಪೆಟ್ಟಿದೆ. ನಾಟಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದ್ದರಿಂದ ಅದು ಉಳಿಯಿತು. ಭೂದೇವಿಯ ಕಥೆಯಲ್ಲಿ ಒಂದು ಬೇಡಿಕೆ, ಒಂದು ಒಪ್ಪಿಗೆ ಮಾತ್ರ ಇದೆ. ಇಂದು ಗುಡ್ಡ ಅಗೆಯುವ, ಮರಳು ತೋಡುವ, ಕಡಲಂಚಿಗೇ ಗೋಡೆ ಕಟ್ಟುವ ಕೆಲಸಕ್ಕೆ ಕೈ ಹಾಕುವ ನಮ್ಮವರಿಗೆ ಎರಡನೆಯದನ್ನೇ ಮೊದಲು ಹೇಳಬೇಕೆಂದು ನನಗನ್ನಿಸುತ್ತದೆ.

ಮೂರನೆಯದೊಂದಿದೆ. ಲಿಂಗ ಇಟ್ಟ ಹುಡುಗ ತನ್ನ ದನಗಳೊಂದಿಗೆ ಮಾಯವಾಗುತ್ತಿದ್ದಾಗ ರಾವಣ ಒಂದು ದನದ ಕಿವಿ ಹಿಡಿದನಂತೆ. ಮೈ ಭೂಮಿಯೊಳಗೆ ಹೋಯಿತು, ಕಿವಿ ಮೇಲುಳಿಯಿತು. ಇನ್ನು ಕೆಲವರು, ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ, ಎರಡು ಹೊಳೆಗಳ ನಡುವಿನ ನೆಲವೇ ಕಿವಿಯ ಹಾಗಿದೆ ಎನ್ನುತ್ತಾರೆ. ಇವುಗಳಲ್ಲಿ ಯಾವುದು ನಿಜ ಎಂದು ನೀವು ತೀರ್ಪು ಕೊಡಬೇಕಾಗಿಲ್ಲ. ಒಂದೇ ಮನೆಯಲ್ಲಿ ಅಜ್ಜ ಒಂದು ಹೇಳುತ್ತಿದ್ದ, ಅಜ್ಜಿ ಇನ್ನೊಂದು ಹೇಳುತ್ತಿದ್ದಳು, ಮಕ್ಕಳಾಗಿದ್ದ ನಾವು ಎರಡನ್ನೂ ಕೇಳಿ ನಿದ್ದೆ ಹೋಗುತ್ತಿದ್ದೆವು.

ಈಗ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾದ ಮಾತು. ರಾವಣ ತಂದ ಲಿಂಗ ತಮ್ಮಲ್ಲಿದೆ ಎಂದು ಜಾರ್ಖಂಡದ ದೇವಘರದ ವೈದ್ಯನಾಥನ ಭಕ್ತರೂ ನಂಬುತ್ತಾರೆ. ಶ್ರೀಲಂಕಾದ ತ್ರಿಕೋಣಮಲೆಗೆ ಗೋಕರ್ಣ ಎಂಬ ಹಳೆಯ ಹೆಸರಿದೆ, ಅಲ್ಲಿಯ ಕೋಣೇಶ್ವರನಿಗೂ ರಾವಣನಿಗೂ ಬಿಡದ ನಂಟು. ನೇಪಾಳದಲ್ಲಿ ಕಠ್ಮಂಡುವಿನ ಹತ್ತಿರ, ಬಾಗಮತಿ ನದಿಯ ದಡದಲ್ಲಿ ಗೋಕರ್ಣೇಶ್ವರ ಇದ್ದಾನೆ. ಅಲ್ಲಿಯವರು ತಂದೆಯನ್ನು ನೆನೆದು ಪಿಂಡವಿಡಲು ಆ ಗುಡಿಗೆ ಹೋಗುತ್ತಾರೆ. ವರಾಹಪುರಾಣದಲ್ಲಿ ಈ ಕಥೆಯೇ ಬೇರೆ. ಅಲ್ಲಿ ಶಿವ ಒಂಟಿ ಕೊಂಬಿನ ಜಿಂಕೆಯಾಗಿ ಅಡಗಿರುತ್ತಾನೆ, ಹಿಡಿಯಹೋದ ದೇವತೆಗಳ ಕೈಯಲ್ಲಿ ಕೊಂಬು ಮೂರು ತುಂಡಾಗುತ್ತದೆ. ಇಂದ್ರನ ಪಾಲಿನ ತುಂಡನ್ನು ಸ್ವರ್ಗದಿಂದ ಹೊತ್ತು ತಂದ ರಾವಣ ಸಂಧ್ಯೆಗೆಂದು ಕಡಲದಂಡೆಯಲ್ಲಿ ಇಳಿಸಿದ, ಮತ್ತೆ ಎತ್ತಲಾಗಲಿಲ್ಲ. ಹಾಗೆ ನೆಲೆಯಾದದ್ದು ದಕ್ಷಿಣದ ಗೋಕರ್ಣ. ಜಿಂಕೆಯೇ ಇರಲಿ, ಲಿಂಗವೇ ಇರಲಿ, ಆ ಸಂಧ್ಯೆಯ ಹೊತ್ತು ಮಾತ್ರ ತಪ್ಪಲಿಲ್ಲ ನೋಡಿ.

ಫೋನಿನಲ್ಲಿ ಇಂಥ ವಿಷಯಕ್ಕೆ ನಡೆಯುವ ಜಗಳವನ್ನು ನನ್ನ ಮೊಮ್ಮಕ್ಕಳು ತೋರಿಸಿದ್ದಾರೆ. ನಮ್ಮದೇ ಅಸಲಿ, ಅವರದ್ದು ನಕಲಿ ಎಂದು ಬರೆದು, ಕೊನೆಗೆ ತಾಯಿ ತಂಗಿಯರನ್ನೂ ಎಳೆದು ಬೈಯುವ ಮಟ್ಟಕ್ಕೆ ಹೋಗುತ್ತಾರೆ. ದಯವಿಟ್ಟು ನೀವು ಅದಕ್ಕೆ ಸೇರಬೇಡಿ. ದೇವಘರದವರು ಕಾವಡಿ ಹೊತ್ತು ನೂರು ಕಿಲೋಮೀಟರಿಗೂ ಹೆಚ್ಚು ಬರಿಗಾಲಲ್ಲಿ ನಡೆದು ಗಂಗೆಯ ನೀರು ತರುತ್ತಾರೆ. ಅಂಥವರ ನಂಬಿಕೆಯನ್ನು ಹೀಯಾಳಿಸಿ ಮಹಾಬಲೇಶ್ವರನಿಗೆ ಆಗಬೇಕಾದ್ದು ಏನೂ ಇಲ್ಲ. ಅಲ್ಲಿಂದ ಯಾತ್ರಿಕರು ಬಂದರೆ ಅವರ ಕಥೆ ಕೇಳಿ, ನಿಮ್ಮದನ್ನು ಹೇಳಿ.

ಹಾಗೆಯೇ ವರ್ಷದ ಲೆಕ್ಕವನ್ನು ಬಾಯಿಗೆ ಬಂದಂತೆ ಹೇಳಬೇಡಿ. ಇಷ್ಟು ಸಾವಿರ ವರ್ಷದ ಹಿಂದೆ ರಾವಣ ಇಲ್ಲಿ ನಿಂತಿದ್ದ, ವಿಜ್ಞಾನಿಗಳು ಒಪ್ಪಿದ್ದಾರೆ ಎಂದು ವಿಡಿಯೋ ಮಾಡುವವರಿದ್ದಾರೆ. ಊರಿನ ಹಿರಿಮೆಗೆ ಆ ಊರುಗೋಲು ಬೇಕಾಗಿಲ್ಲ. ಗೊತ್ತಿರುವುದೇ ಬೇಕಾದಷ್ಟಿದೆ. ಮಹಾಭಾರತದ ವನಪರ್ವದಲ್ಲಿ ತೀರ್ಥಗಳನ್ನು ಹೇಳುವಾಗ ಗೋಕರ್ಣದ ಹೆಸರು ಬರುತ್ತದೆ. ಕಾಳಿದಾಸನ ರಘುವಂಶದ ಎಂಟನೆಯ ಸರ್ಗದಲ್ಲಿ ನಾರದ ದಕ್ಷಿಣ ಸಮುದ್ರದ ದಡದ ಗೋಕರ್ಣೇಶ್ವರನಿಗೆ ವೀಣೆ ನುಡಿಸಲು ಹೊರಟಿರುತ್ತಾನೆ. ಅವನ ವೀಣೆಯಿಂದ ಜಾರಿದ ಹೂಮಾಲೆ ತಾಗಿಯೇ ಅಜನ ರಾಣಿ ಇಂದುಮತಿ ಪ್ರಾಣ ಬಿಡುವುದು. ರಾಮಾಯಣದ ಉತ್ತರಕಾಂಡದಲ್ಲಿ ರಾವಣ ತಮ್ಮಂದಿರೊಂದಿಗೆ ತಪಸ್ಸು ಮಾಡಿದ್ದು ಗೋಕರ್ಣದಲ್ಲಿ. ಆದರೆ ಆತ್ಮಲಿಂಗದ ಪ್ರಸಂಗ ಅಲ್ಲಿಲ್ಲ. ಅದನ್ನು ವಿಸ್ತಾರವಾಗಿ ಹೇಳುವುದು ಮರಾಠಿಯ ಗುರುಚರಿತ್ರೆ, ಆರನೆಯ ಅಧ್ಯಾಯದಲ್ಲಿ. ಶ್ರೀಪಾದ ಶ್ರೀವಲ್ಲಭರು ಇಲ್ಲಿ ಮೂರು ವರ್ಷ ಇದ್ದರೆಂದು ಅದೇ ಗ್ರಂಥ ಹೇಳುತ್ತದೆ. ಮಹಾರಾಷ್ಟ್ರದ ಯಾತ್ರಿಕರ ಬಾಯಲ್ಲಿ ಕಥೆ ನಿಮಗಿಂತ ಸೊಗಸಾಗಿ ಬರುವುದಕ್ಕೆ ಇದೇ ಕಾರಣ. ಪಾರಾಯಣ ಮಾಡಿ ಮಾಡಿ ಅವರಿಗೆ ಅದು ಕಂಠಸ್ಥ. ಪುರಾಣವನ್ನು ಪುರಾಣವೆಂದೇ ಹೇಳಿ. ಭಕ್ತಿಗೆ ಅದರಿಂದ ಒಂದು ಗುಂಜಿಯೂ ಕಡಿಮೆಯಾಗದು.

ಸ್ಕಾಂದಪುರಾಣದ ಒಂದು ಕಥೆಯನ್ನಂತೂ ಬಿಡಲೇಬೇಡಿ. ಕುಲದವರು ದೂರ ಮಾಡಿದ, ರೋಗದಿಂದ ಮೈ ಕೊಳೆತ, ಕಣ್ಣು ಕಾಣದ ಒಬ್ಬ ಮುದುಕಿ ಶಿವರಾತ್ರಿಯ ಜನದ ಜೊತೆ ತೆವಳುತ್ತಾ ಗೋಕರ್ಣಕ್ಕೆ ಬಂದಳು. ದಾರಿಬದಿ ಕೂತು ಅನ್ನಕ್ಕೆ ಕೈಚಾಚಿದಳು. ಉಪವಾಸದ ದಿನ, ಕೊಡಲು ಯಾರ ಕೈಯಲ್ಲೂ ತಿನ್ನುವ ವಸ್ತು ಇರಲಿಲ್ಲ. ಯಾರೋ ಒಂದು ಬಿಲ್ವದ ಕುಡಿ ಹಾಕಿದರು. ಮುಟ್ಟಿ ನೋಡಿ, ಇದು ತಿನ್ನುವುದಲ್ಲ ಎಂದು ಎಸೆದಳು. ಅದು ಹೋಗಿ ಬಿದ್ದದ್ದು ಲಿಂಗದ ಮೇಲೆ. ಹಸಿವಿಗೆ ನಿದ್ದೆಯೂ ಬರಲಿಲ್ಲ, ರಾತ್ರಿಯಿಡೀ ಎಚ್ಚರವಾಗಿದ್ದಳು. ಉಪವಾಸವಾಯಿತು, ಜಾಗರಣೆಯಾಯಿತು, ಬಿಲ್ವಾರ್ಚನೆಯಾಯಿತು. ಅವಳು ಸತ್ತಾಗ ಶಿವನ ದೂತರು ವಿಮಾನ ತಂದರು. ಬ್ರಹ್ಮಹತ್ಯೆಯ ಪಾಪ ಹೊತ್ತು ಅಲೆಯುತ್ತಿದ್ದ ರಾಜ ಕಲ್ಮಾಷಪಾದನಿಗೆ ಗೌತಮ ಮುನಿ ಗೋಕರ್ಣಕ್ಕೆ ಹೋಗು ಎಂದು ಹೇಳುವುದು, ಈ ಮುದುಕಿಯ ಸದ್ಗತಿಯನ್ನು ಕಣ್ಣಾರೆ ಕಂಡೆ ಎಂದು ವಿವರಿಸಿಯೇ. ರಾಜನಿಗೆ ದಾರಿ ತೋರಿಸಿದ್ದು ಅವಳ ಕಥೆ. ಶಿವರಾತ್ರಿಯ ಜಾತ್ರೆಯಲ್ಲಿ ತೇರಿಗೆ ಬಾಳೆಹಣ್ಣು ಎಸೆಯುವ ಸಡಗರದಲ್ಲಿರುವಾಗ ಬೀದಿಬದಿ ಕೈಚಾಚಿ ಕೂತವರನ್ನು ಗದರಿಸಿ ಎಬ್ಬಿಸುವುದನ್ನು ನೋಡಿದ್ದೇನೆ. ಗದರಿಸುವವರಿಗೆ ಈ ಕಥೆ ಯಾರೂ ಹೇಳಿರಲಾರರು.

ಇವೆಲ್ಲ ಪುಸ್ತಕದಲ್ಲಿ ಇರುವವು. ಪುಸ್ತಕಕ್ಕೆ ಹತ್ತದವು ಇನ್ನೂ ಇವೆ. ಗೋಕರ್ಣದ ಪೇಟೆಗೆ ಬೆಳಗಾಗುವುದರೊಳಗೆ ಸೊಪ್ಪು, ಬಸಳೆ, ಬದನೆ ಹೊತ್ತು ಬರುವ, ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಂಗಸರನ್ನು ದಿನವೂ ನೋಡುತ್ತೀರಿ. ಅವರ ಕುಲದ ಹೆಸರಿಗೂ ಶಿವ ಪಾರ್ವತಿಯರ ಕಥೆಯಿದೆ. ಗದ್ದೆ ಉಳುವ ಶಿವನಿಗೆ ಪಾರ್ವತಿ ಹಾಲು ಅಕ್ಕಿಯ ಅಡುಗೆ ಹೊತ್ತು ಹೊರಟವಳು, ದಾರಿಯಲ್ಲಿ ಅದರಿಂದಲೇ ಎರಡು ಗೊಂಬೆ ಮಾಡಿದಳು. ಜೀವ ಬಂದ ಆ ಗೊಂಬೆಗಳ ಸಂತತಿ ತಾವು ಎನ್ನುತ್ತಾರೆ ಅವರು. ಆ ಕುಲದವರೇ ಆದ ಅಂಕೋಲೆಯ ಬಡಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಓದು ಬರಹ ಕಲಿಯದೆ ಹಾಡುಗಳ ರಾಶಿಯನ್ನೇ ತಲೆಯಲ್ಲಿ ಹೊತ್ತಿದ್ದರು. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಅವರ ಹಾಡುಗಳನ್ನು ಬರೆದುಕೊಂಡವರಿದ್ದರು, ಪುಣ್ಯ. ನಿಮ್ಮ ಕೇರಿಯಲ್ಲಿ ಯಾರೂ ಬರೆದುಕೊಳ್ಳದ ಅಜ್ಜಿಯರು ಈಗಲೂ ಇದ್ದಾರೆ.

ಒಬ್ಬರನ್ನು ಆರಿಸಿಕೊಳ್ಳಿ. ಮನೆಯ ಅಜ್ಜಿಯಾದರೂ ಸರಿ, ಪಕ್ಕದ ಕೇರಿಯವರಾದರೂ ಸರಿ, ತದಡಿಯಲ್ಲಿ ಮೀನು ಮಾರುವವರಾದರೂ ಸರಿ. ಮಧ್ಯಾಹ್ನ ಊಟವಾಗಿ ಅವರು ಕವಳ ಹಾಕಿ ಕೂತ ಹೊತ್ತಿಗೆ ಹೋಗಿ. "ಈ ಊರಿಗೆ ಹೆಸರು ಹೇಗೆ ಬಂತು ಅಜ್ಜಿ?" ಎಂದು ಕೇಳಿ, ಅಪ್ಪಣೆ ಪಡೆದು ಫೋನಿನ ರೆಕಾರ್ಡರ್ ಹಾಕಿಡಿ. ನಡುವೆ ಬಾಯಿ ಹಾಕಬೇಡಿ. ಗ್ರಂಥದಲ್ಲಿ ಹಾಗಿಲ್ಲ ಎಂದು ತಿದ್ದಬೇಡಿ. ಅವರು ಹೇಳಿದ ಮಾತಿನಲ್ಲೇ, ಹವ್ಯಕರ ಕನ್ನಡವಿರಲಿ, ಕೊಂಕಣಿ ಇರಲಿ, ನಾಮಧಾರಿಗಳ, ಹಾಲಕ್ಕಿಗಳ, ಅಂಬಿಗರ ಮಾತಿರಲಿ, ಬರೆದಿಡಿ. ಕೆಳಗೆ ಹೇಳಿದವರ ಹೆಸರು, ಊರು, ಹೇಳಿದ ದಿನ ಬರೆಯಿರಿ. ಒಂದು ಪ್ರತಿಯನ್ನು ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ. ಮಳೆಗಾಲದಲ್ಲಿ ಯಾತ್ರೆಯವರು ಕಡಿಮೆ, ಅಂಗಡಿಯಲ್ಲೂ ಬಿಡುವು; ಈ ಜೂನ್‌ನಲ್ಲೇ ಶುರು ಮಾಡಿ.